ಹಳ್ಳದ ದಂಡೆ ಹತ್ತದ ಜೀಪು

ಹೊತ್ತು ಮುಳುಗುವುದರೊಳಗೆ ಹಣಮವ್ವನನ್ನು ಚಿಂಚೋಳಿ ಆಸ್ಪತ್ರೆಗೆ ತರಬೇಕಿತ್ತು. ಹೊಟ್ಟೆಯಲ್ಲಿ ಕೂಸು ಅಡ್ಡ ತಿರುಗಿದೆಯೆಂದು ಊರಿನ ಸೂಲಗಿತ್ತಿ ಹೇಳಿಕಳಿಸಿದ್ದಳು. ತಡವಾದರೆ ಅವಳು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅವಳ ಊರು ಕಾಡಿನೊಳಗೆ ಹದಿನಾಲ್ಕು ಮೈಲಿ. ರಸ್ತೆ ಇಲ್ಲ, ಬಂಡಿ ಜಾಡು ಮಾತ್ರ. ಆಸ್ಪತ್ರೆಯ ಜೀಪು ಕೆಟ್ಟಿದ್ದರಿಂದ ವಾಡಿಯ ಸಿಮೆಂಟ್ ಕಾರ್ಖಾನೆಯ ಜೀಪು ಎರವಲು ಬಂದಿತ್ತು. ಡ್ರೈವರ್ ಗುಲಾಮ ದಸ್ತಗೀರ, ನರ್ಸ್ ಬಸ್ಸಮ್ಮ, ದಾರಿ ತೋರಿಸಲು ಹಣಮವ್ವನ ಅಣ್ಣ ರಾಮಲಿಂಗ: ಮೂವರೇ ಹೊರಟರು.

ಚಿಂಚೋಳಿಯ ಆಚೆ ದನ ಅಡ್ಡ ಬಂದು ಜೀಪು ನಿಂತಿತು. ಮತ್ತೆ ಹೊರಡಲು ಒಲ್ಲೆ ಎಂದಿತು. ದಸ್ತಗೀರ ಎಕ್ಸಿಲರೇಟರ್ ತುಳಿದ. ಇಂಜಿನ್ ಗೊರಗುಟ್ಟಿತು. ಹಿಂದೆ ಕಪ್ಪು ಹೊಗೆ ಎದ್ದಿತು. ಮಂದೆಯ ಕೊನೆಯ ಕರು ಕೂಡ ಜೀಪನ್ನು ಹಿಂದೆ ಹಾಕಿ ನಡೆಯಿತು.

ಬಸ್ಸಮ್ಮನ ಕಾಲಿಗೆ ಸೀಟಿನ ಕೆಳಗಿದ್ದ ಡಬ್ಬಿ ತಾಗಿತು. ಸೀಮೆಎಣ್ಣೆಯ ವಾಸನೆ.

“ಸಾಬ್ರೇ, ಪೆಟ್ರೋಲ್ ಮಾರ್ಕೊಂಡು ಇದನ್ನ ಬೆರಸೀರೇನ್ರಿ?”

“ಹನ್ನೆರಡ್ ವರ್ಷ ಆತು ಗಾಡಿ ಹೊಡ್ಯಾಕತ್ತಿ. ಇಂಥಾ ಮಾತು ನನ್ನ ಹೆಂಡ್ತಿ ಅಖ್ತರ ಬೇಗಂ ಸೈತ ಆಡಿಲ್ಲ, ಸಿಸ್ಟರ್. ಅದು ನಟ್ಟು ತೊಳೀಲಿಕ್ಕ.”

“ಕಾಡಿನಾಗ ಬರಾಕ ಅಂಜಿ ನಾಟಕ ಮಾಡಾಕತ್ತಾನ, ಅಕ್ಕೋರ,” ಎಂದ ರಾಮಲಿಂಗ.

“ಮುಂಜಾನಿ ಬಾನೆಟ್ ಮ್ಯಾಲ ಕೈ ಇಟ್ಕೊಂಡು ನಿಂತಾಂವ ಯಾರು? ಏನು ಕಿತ್ತಿ ಹೇಳು!”

“ಬೆಚ್ಚಗಿತ್ತು, ಇಟ್ಟೆ.”

ಕೊನೆಗೆ ಜೀಪು ತೆವಳುತ್ತ ಹೊರಟಿತು. ಕಪ್ಪು ಎರೆಮಣ್ಣು ಹಿಂದೆ ಉಳಿದು ನೆಲ ಕೆಂಪಾಯಿತು. ತೇಗದ ಅಗಲ ಎಲೆಗಳು ಎರಡೂ ಕಡೆಯಿಂದ ಜೀಪನ್ನು ಸವರಿದವು. ಬಿದಿರು ಮೆಳೆಗಳ ನಡುವೆ ಜಾಡು ಸಣ್ಣದಾಗಿ, ಒಂದು ಹಳ್ಳಕ್ಕೆ ಇಳಿದು, ಆಚೆ ಗುಡ್ಡ ಹತ್ತಿತು. ನಿಂತರೆ ಮತ್ತೆ ಹೊರಡುವುದು ಕಷ್ಟವೆಂದು ದಸ್ತಗೀರ ಎಲ್ಲಿಯೂ ನಿಲ್ಲಿಸಲಿಲ್ಲ. ಬಸ್ಸಮ್ಮ ಅವನ ಕೈಗಳನ್ನೇ ನೋಡುತ್ತಿದ್ದಳು. ಅವನು ಕನ್ನಡಿಯಲ್ಲಿ ರಾಮಲಿಂಗನನ್ನು ನೋಡುತ್ತಿದ್ದ.

ಊರು ಮುಟ್ಟಿದಾಗ ಮಧ್ಯಾಹ್ನ. ಹಣಮವ್ವನನ್ನು ಹಾಸಿಗೆಯ ಸಮೇತ ಹಿಂದೆ ಮಲಗಿಸಿದರು. ನಾಲ್ಕು ಜನ ನೂಕಿದ ಮೇಲೆ ಜೀಪು ಹೊರಟಿತು.

ಹಿಂತಿರುಗುವಾಗ ಹಳ್ಳದಲ್ಲಿ ನೀರು ಏರಿತ್ತು. ಮೇಲೆಲ್ಲೋ ಮಳೆಯಾಗಿತ್ತು. ಹೇಗೋ ದಾಟಿದರು. ಆಚೆ ದಂಡೆಯ ಕಾಲುಭಾಗ ಏರಿದ್ದರು, ಅಷ್ಟೇ. ಚಕ್ರಕ್ಕೆ ಕಲ್ಲು ಸಿಕ್ಕಿ ಜೀಪು ನಿಂತಿತು.

ದಸ್ತಗೀರ ಮತ್ತೆ ತುಳಿದ. ಹೊಗೆ ಬಂತು. ಜೀಪು ಹಿಂದಕ್ಕೆ ಜಾರಿತು.

“ಕಲ್ಲು ಕೊಡೋ!”

ರಾಮಲಿಂಗ ಹಿಂದಿನ ಚಕ್ರಗಳಿಗೆ ಕಲ್ಲು ಒತ್ತಿದ. ಕೆಂಪು ನೀರು ಮೂರು ಮಾರು ಕೆಳಗಿತ್ತು. ಹಣಮವ್ವ ನರಳಿದಳು.

“ಬಾನೆಟ್ ತೆಗೀರಿ,” ಎಂದಳು ಬಸ್ಸಮ್ಮ. “ನನ್ನ ಕಣ್ಣೆದುರಿಗೇ ನೋಡ್ರಿ.”

ದಸ್ತಗೀರ ಪೆಟ್ರೋಲ್ ಪೈಪು ಬಿಚ್ಚಿ ಅವಳ ಅಂಗೈಗೆ ನಾಲ್ಕು ಹನಿ ಬಿಟ್ಟ. ತಣ್ಣಗಾಗಿ ಆರಿತು. ಜಿಡ್ಡು ಉಳಿಯಲಿಲ್ಲ. ಸೀಮೆಎಣ್ಣೆ ಬೆರೆತಿರಲಿಲ್ಲ. ಅವಳು ಕೈ ಒರೆಸಿಕೊಂಡಳು.

ದಸ್ತಗೀರ ಪೈಪು ಮತ್ತೆ ಸಿಕ್ಕಿಸಿ ಚಕ್ರಗಳನ್ನು ಮುಟ್ಟಿದ. ಬಿಸಿ ಇಲ್ಲ, ಬ್ರೇಕು ಹಿಡಿದಿಲ್ಲ. ಇಂಜಿನ್ ಹಚ್ಚಿ, ಬ್ರೇಕ್ ಒತ್ತಿ, ಮೇಲಿನ ಗೇರಿನಲ್ಲಿ ಕ್ಲಚ್ ಬಿಟ್ಟ. ಇಂಜಿನ್ ತಟ್ಟನೆ ನಿಂತಿತು, ಅಂದರೆ ಕ್ಲಚ್ ಜಾರುತ್ತಿಲ್ಲ. ಪ್ಲಗ್ ಬಿಚ್ಚಿದ. ಮಸಿ.

“ಪೆಟ್ರೋಲ್ ಜಾಸ್ತಿ, ಗಾಳಿ ಕಮ್ಮಿ,” ಎಂದು ಗೊಣಗಿದ. “ಯಾಕಂತೀನಿ?”

ನೀರು ಒಂದು ಮಾರು ಏರಿತು.

ಬಸ್ಸಮ್ಮ ಇಂಜಿನ್ ಪಕ್ಕದ ಇನ್ನೊಂದು ದುಂಡು ಡಬ್ಬಿಯ ಬಾಯಿಗೆ ಸುತ್ತಿದ್ದ ಬೂದು ಬಟ್ಟೆಯ ಗಂಟನ್ನೇ ನೋಡುತ್ತಿದ್ದಳು.

“ಇದರಾಗ ಏನ್ ಬಚ್ಚಿಟ್ಟೀರಿ?”

“ಅದೇನಿಲ್ರಿ, ಹಸಿ ಬಟ್ಟಿ. ವಾಡಿಯಾಗ ಎಲ್ಲಾಕೂ ಕಟ್ತೀವಿ. ನೀರಿನ ಕೊಡಕ್ಕ, ಕಿಡಕಿಗೆ, ಕೂಸಿನ ತೊಟ್ಲಕ್ಕ. ಸಿಮೆಂಟ್ ಧೂಳು ಒಳಗ ಹೋಗಬಾರ್ದಲ್ಲ. ಅಖ್ತರ ಬೇಗಂ ದಿನಾ ಮುಂಜಾನಿ ತೊಯ್ಸಿ ಕೊಡ್ತಾಳ, ಹಳೇದರ ಮ್ಯಾಲೇ ಸುತ್ತತೀನಿ.”

ಅವಳು ಬೆರಳಿನಿಂದ ತಟ್ಟಿದಳು. ಟಕ್ ಟಕ್ ಎಂದಿತು.

ದಸ್ತಗೀರ ತಾನೂ ತಟ್ಟಿ ನೋಡಿದ, ಕಲ್ಲಿನಂತಾಗಿತ್ತು. ದಿನವೂ ನೀರು, ದಿನವೂ ಸಿಮೆಂಟ್ ಧೂಳು. ಇಂಜಿನ್ ಗಾಳಿ ಎಳೆದು ಉಸಿರಾಡುವ ಬಾಯಿಗೆ ತಾನೇ ಗಚ್ಚು ಹಾಕಿದ್ದ.

ನಟ್ಟು ಬಿಚ್ಚುವ ಪಾನೆಯಿಂದ ಹೊಡೆದ. ಒಂದೇಟು, ಎರಡೇಟು. ಗಚ್ಚು ಬಿರಿಯಿತು. ಚೂರು ಒಳಗೆ ಬೀಳದಂತೆ ಬಸ್ಸಮ್ಮ ಸೆರಗು ಒಡ್ಡಿದಳು. ದಸ್ತಗೀರ ಪ್ಲಗ್ಗಿನ ಮಸಿ ಒರೆಸಿ ಮತ್ತೆ ಬಿಗಿದ.

ಇಂಜಿನ್ ಎದ್ದಿತು. ಸದ್ದೇ ಬೇರೆ. ಹೊಗೆ ತೆಳುವಾಯಿತು.

“ಪಕ್ಕಕ್ಕೆ ಹಾರು!” ಎಂದು ದಸ್ತಗೀರ ರಾಮಲಿಂಗನಿಗೆ ಕೂಗಿದ.

ಜೀಪು ಮುಂದೆ ನೆಗೆಯಿತು. ಕಲ್ಲು ಸಿಡಿದವು. ದಂಡೆ ಹತ್ತಿದ ಮೇಲೆ ರಾಮಲಿಂಗ ಓಡಿ ಬಂದು ಹಿಂದಿನ ಹಲಗೆಗೆ ಜೋತುಬಿದ್ದ.

“ಏ ಅಣ್ಣಾ,” ಹಣಮವ್ವ ಹಲ್ಲು ಕಚ್ಚಿ ಕೂಗಿದಳು, “ನೀ ಬೀಳಬ್ಯಾಡ. ನನ್ನೊಬ್ಬಾಕಿನ್ನ ಒಯ್ಯೋದೇ ರಗಡಾಗ್ಯಾದ!”

ಆಸ್ಪತ್ರೆ ಮುಟ್ಟಿದಾಗ ಸಂಜೆ ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಡಾಕ್ಟರು ಕಾಯುತ್ತಿದ್ದರು. ಬಸ್ಸಮ್ಮ ಕೈ ತೊಳೆದು ಅವರ ಹಿಂದೆ ಒಳಗೆ ಹೋದಳು. ಬಾಗಿಲು ಮುಚ್ಚಿತು.

ಹೊರಗೆ ಇಬ್ಬರೂ ದೂರ ದೂರ ಕುಳಿತರು. ಬಹಳ ಹೊತ್ತಿನ ಮೇಲೆ ದಸ್ತಗೀರ ಬೀಡಿ ಚಾಚಿದ. ರಾಮಲಿಂಗ ಅದನ್ನೊಮ್ಮೆ ತಿರುಗಿಸಿ ನೋಡಿ ತೆಗೆದುಕೊಂಡ.

ಬಾಗಿಲು ತೆರೆಯಿತು.

“ಹೆಣ್ಣು,” ಎಂದಳು ಬಸ್ಸಮ್ಮ. “ಹಣಮವ್ವಗ ಎಚ್ಚರ ಆಗ್ಯಾದ. ನೀರು ಕೇಳಾಕತ್ತಾಳ.”

ರಾಮಲಿಂಗ ಎದ್ದ, ಮತ್ತೆ ಕುಳಿತ.

ಅವಳು ದಸ್ತಗೀರನ ಕಡೆ ತಿರುಗಿದಳು. “ಸಾಬ್ರೇ, ಪೆಟ್ರೋಲ್ ಕದ್ದೀರಂತ ನಿಮ್ಮ ಮ್ಯಾಲ ಅರ್ಜಿ ಬರೀಬೇಕಂತ ಮಾಡಿದ್ದೆ.”

“ಬರೀರಿ,” ಎಂದ ಅವನು. “ಆದ್ರ ನನ್ನ ಹೆಂಡ್ತಿ ಹೆಸರು ಹಾಕಬ್ಯಾಡ್ರಿ. ಆಕಿ ಬರೇ ಬಟ್ಟಿ ತೊಯ್ಸಿ ಕೊಟ್ಟಾಳ.”

ಬಸ್ಸಮ್ಮ ನಕ್ಕಳು. ಆಮೇಲೆ ಲೋಟ ತುಂಬಿಕೊಂಡು ಒಳಗೆ ಹೋದಳು.