ಅರಿಶಿನದ ಪೊಟ್ಟಣದ ಮೇಲಿನ ಕೈ

ಮಂಗಳಗೌರಿ ಎರಡು ಅರಿಶಿನದ ಪೊಟ್ಟಣಗಳನ್ನು ಮೇಜಿನ ಮೇಲಿಟ್ಟು, ಕೊಟ್ಟ ಕಾಫಿಯನ್ನೂ ಮುಟ್ಟದೆ ಕುಳಿತಳು. ಚಾಮರಾಜನಗರದ ಆ ಮನೆಯಲ್ಲಿ ನಿವೃತ್ತ ಇನ್ಸ್‌ಪೆಕ್ಟರ್ ಚಂದ್ರಮತಿಯವರ ಮುಂದೆ ಹೀಗೆ ಕುಳಿತವರನ್ನು ಪುಟ್ಟಮಲ್ಲಪ್ಪ ಬೇಕಾದಷ್ಟು ನೋಡಿದ್ದ. ಇಲಾಖೆಯಲ್ಲಿ ಅವರ ಜೀಪು ಓಡಿಸುತ್ತಿದ್ದವನು ಈಗ ಅವರ ಹಳೇ ಕಾರು ಓಡಿಸುತ್ತಿದ್ದ.

"ಇದು ನಂದು ಕಣಕ್ಕ, ಇನ್ನೂ ಅಂಗಡಿಗೇ ಕಳಿಸಿಲ್ಲ" ಎಂದಳು ಮಂಗಳಗೌರಿ. "ಅದು ಬ್ಯಾರೆ ಕಂಪ್ನಿದು. ಕೇರಳದ ಬತ್ತೇರೀಲಿ ಆಗ್ಲೇ ಮಾರ್ತಾವ್ರೆ. ಅದೇ ಫೋಟೋ, ಅದೇ ಮಲಯಾಳಂ ಮಾತು. ಈಗ ನಂದು ಬುಟ್ರೆ, ನಾನೇ ಕದ್ದೆ ಅಂತಾರೆ."

ಎರಡು ಪೊಟ್ಟಣಗಳ ಮೇಲೂ ಹಸಿ ಅರಿಶಿನದ ಗೊಂಚಲು ಹಿಡಿದ ಹೆಂಗಸಿನ ಕೈ. ಮಣಿಕಟ್ಟಿನ ಮೇಲೆ ಹಚ್ಚೆ. ಹಿಂದೆ ಮಸುಕು ಹಸಿರು.

ಸಂತೆಮರಹಳ್ಳಿ ರಸ್ತೆಯಲ್ಲಿ ಮಂಗಳಗೌರಿಯ ಅರಿಶಿನದ ಮಿಲ್ಲಿತ್ತು. ಕೇರಳಕ್ಕೆ ಪುಡಿ ಕಳಿಸುವ ಆಸೆ ಅವಳಿಗೆ. ಅದಕ್ಕೆಂದು ಸಂಬಳದ ಜನರನ್ನು ಇಟ್ಟುಕೊಳ್ಳದೆ, ಇದೊಂದು ಕೆಲಸಕ್ಕೆ ಮಾತ್ರ ಇಬ್ಬರು ಫ್ರೀಲಾನ್ಸರುಗಳನ್ನು ಹಿಡಿದಿದ್ದಳು: ಫೋಟೋಕ್ಕೆ ಮದ್ದೂರಿನ ಶಂಕರ್, ಮಲಯಾಳಂ ಬರಹಕ್ಕೆ ಗುಂಡ್ಲುಪೇಟೆಯ ಪ್ರಿಯಾಂಕ.

"ಹೊರಗಿನವ್ರನ್ನ ಕರೀಬ್ಯಾಡಿ ಅಂತ ನಮ್ಮ ಮ್ಯಾನೇಜರ್ ಮೃತ್ಯುಂಜಯ ಬಡ್ಕಂಡ. ನಾನು ಕೇಳ್ನಿಲ್ಲ. ಶಂಕರ್ ಫೋಟೋ ಮಾರ್ಕಂಡವ್ನೆ ಅಂತ ಈಗ ಊರೆಲ್ಲ ಗೊತ್ತು. ಅವನಿಗೆ ಹೇಳಿದ್ದ ಮದ್ವೆ ಕೆಲಸಾನೂ ಜನ ಬುಡಿಸ್ತಾವ್ರೆ."

ಚಂದ್ರಮತಿ ಪೊಟ್ಟಣಗಳನ್ನು ಕಿಟಕಿಯ ಬಳಿ ಹಿಡಿದು ಬಹಳ ಹೊತ್ತು ನೋಡಿದರು. ಬತ್ತೇರಿಯ ಪೊಟ್ಟಣದ ಹಸಿರಿನ ನಡುವೆ ನೀಲಿಯ ಒಂದು ಮಬ್ಬು ಗುರುತಿತ್ತು. ಆಕಾಶದ ತುಣುಕಿರಬೇಕು ಅಂದುಕೊಂಡ ಪುಟ್ಟಮಲ್ಲಪ್ಪ. "ಗಾಡಿ ತೆಗಿ" ಎಂದರು ಅವರು.

ಪ್ರಿಯಾಂಕ ಗುಂಡ್ಲುಪೇಟೆಯ ತನ್ನ ಮನೆಯಲ್ಲಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕಂಪ್ಯೂಟರಿನ ಮುಂದೆ ಕುಳಿತಿದ್ದಳು. "ಮಿಲ್ ನಾನು ನೋಡೇ ಇಲ್ಲ ಮೇಡಂ. ಮಾತು ಕೇಳಿದ್ರು, ಬರ್ದು ಮೃತ್ಯುಂಜಯಣ್ಣಂಗೆ ಕಳಿಸ್ದೆ. ಶಂಕರ್ ಯಾರು ಅಂತಾನೂ ಗೊತ್ತಿಲ್ಲ, ಫೋಟೋನೂ ಕಂಡಿಲ್ಲ."

ಮದ್ದೂರಿನಲ್ಲಿ ಶಂಕರ್ ಮುಖ ಬಾಡಿಸಿಕೊಂಡು ನಿಂತಿದ್ದ. "ನಮ್ಮಂತೋರಿಗೆ ಹೆಸ್ರೇ ಬಂಡವಾಳ ಮೇಡಂ. ಅದೇ ಹೋಯ್ತು. ಒಂದೇ ಫೋಟೋ ಕೊಟ್ಟೆ, ಮಿಕ್ಕವ್ನ ಅಲ್ಲೇ ಅಳಿಸ್ಬುಟ್ಟೆ. ಅಲ್ಲಿದ್ದದ್ದು ನಾವು ಮೂವರೇ: ನಾನು, ಗೊಂಚಲು ಹಿಡಿದಿದ್ದ ಮಿಲ್ಲಿನ ಪುಟ್ಟಸಿದ್ದಮ್ಮ, ಮೃತ್ಯುಂಜಯಣ್ಣ. ಕೈಯ ಕೆಳಭಾಗ ಕಪ್ಪಾಗಬಾರ್ದು ಅಂತ ಅಣ್ಣನೇ ಥರ್ಮಾಕೋಲ್ ಹಲಗೆಯಿಂದ ಬಿಸಿಲು ತಿರುಗಿಸಿ ಹಿಡಿದಿದ್ರು."

"ಅವತ್ತು ಯಾವ ಅಂಗಿ ಹಾಕಿದ್ದೆ?"

ಶಂಕರ್ ಬೆಪ್ಪಾಗಿ ನೋಡಿದ. "ನೀಲಿದು. ಯಾಕೆ ಮೇಡಂ?"

ಚಂದ್ರಮತಿ ಆಗಲೇ ಕಾರಿನ ಕಡೆ ತಿರುಗಿದ್ದರು. "ನಾಳೆ ಬೆಳಗ್ಗೆ ಅದನ್ನೇ ಹಾಕ್ಕೊಂಡು ಮಿಲ್ಲಿನ ಹಿಂದಿನ ಹೊಲಕ್ಕೆ ಬಾ" ಎಂದರು.

ಮರುದಿನ ಎಲ್ಲರೂ ಹೊಲದಲ್ಲಿ ಸೇರಿದರು. ಪ್ರಿಯಾಂಕಳೂ ಮಗುವನ್ನೆತ್ತಿಕೊಂಡು ಬಸ್ಸಿನಲ್ಲಿ ಬಂದಿದ್ದಳು. ಚಂದ್ರಮತಿ ಒಬ್ಬೊಬ್ಬರನ್ನೂ ಅಂದಿನ ಜಾಗದಲ್ಲೇ ನಿಲ್ಲಿಸಿದರು. ಪುಟ್ಟಸಿದ್ದಮ್ಮ ಗೊಂಚಲು ಹಿಡಿದಳು. ಶಂಕರ್ ಎದುರಿಗೆ ಕ್ಯಾಮೆರಾ ಎತ್ತಿದ. ಮೃತ್ಯುಂಜಯ ಅವಳ ಪಕ್ಕದಲ್ಲಿ, ಕೊಂಚ ಹಿಂದಕ್ಕೆ ಹಲಗೆ ಹಿಡಿದು ಕೂತ. "ಇದೆಲ್ಲ ಯಾಕಕ್ಕ, ನಾಟಕ ಇದ್ದಂಗದೆ" ಎಂದು ನಕ್ಕ.

"ಪುಟ್ಟಮಲ್ಲಪ್ಪ, ಶಂಕರನ ಪಕ್ಕ ನಿಂತು ನಿನ್ನ ಫೋನಲ್ಲಿ ಒಂದು ತೆಗಿ. ಆಮೇಲೆ ಮೃತ್ಯುಂಜಯನ ಪಕ್ಕ ಕೂತು ಇನ್ನೊಂದು ತೆಗಿ."

ಪುಟ್ಟಮಲ್ಲಪ್ಪ ಹಾಗೇ ಮಾಡಿದ. ಮೊದಲನೆಯದರಲ್ಲಿ ಹಚ್ಚೆಯ ಬಳ್ಳಿ ಮಾತ್ರ ಕಂಡಿತು. ಎರಡನೆಯದರಲ್ಲಿ ಮಣಿಕಟ್ಟಿನ ಒಳಮೈಯಲ್ಲಿದ್ದ ಚೇಳಿನ ಹಚ್ಚೆಯೂ ಕಂಡಿತು. ಕೈಯ ಹಿಂದೆ, ಹಸಿರಿನ ನಡುವೆ, ನೀಲಿಯ ಮಬ್ಬೊಂದು ನಿಂತಿತ್ತು. ಬತ್ತೇರಿಯ ಪೊಟ್ಟಣವನ್ನು ಪಕ್ಕದಲ್ಲಿ ಹಿಡಿದ. ಅಲ್ಲೂ ಚೇಳಿತ್ತು, ಅಲ್ಲೂ ಅದೇ ಜಾಗದಲ್ಲಿ ನೀಲಿಯಿತ್ತು. ನಿನ್ನೆಯಿಂದ ಕಣ್ಣೆದುರಿಗೇ ಇದ್ದದ್ದು ಆಕಾಶವಲ್ಲ, ಶಂಕರನ ಅಂಗಿ.

"ಎಲ್ಲರೂ ಎರಡೂ ಒಂದೇ ಫೋಟೋ ಅಂದುಕೊಂಡರು" ಎಂದರು ಚಂದ್ರಮತಿ, ದನಿ ಏರಿಸದೆ. "ಕೈ ಒಂದೇ, ಫೋಟೋ ಬೇರೆ. ಬತ್ತೇರಿಯದರಲ್ಲಿ ಒಳಮೈಯ ಚೇಳು ಕಾಣುತ್ತೆ. ಶಂಕರ್ ನಿಂತ ಕಡೆಯಿಂದ ಅದು ಕಾಣೋದೇ ಇಲ್ಲ. ಶಂಕರನೇ ಜಾಗ ಬದಲಿಸಿ ತೆಗೆದನೇನೋ ಅಂತ ನಾನೂ ಯೋಚಿಸಿದೆ. ಆದರೆ ಆ ಫೋಟೋದೊಳಗೆ ಅವನೇ ನಿಂತಿದ್ದಾನೆ. ಹಲಗೆಯ ಬೆಳಕು ಎಲ್ಲಿಂದ ಬಂತೋ ಅಲ್ಲಿಂದಲೇ ಆ ಫೋಟೋ ತೆಗೆದಿರೋದು. ಅಲ್ಲಿ ಹಲಗೆ ಹಿಡಿದು ಕೂತಿದ್ದವನು ಒಬ್ಬನೇ."

ಥರ್ಮಾಕೋಲ್ ನೆಲಕ್ಕೆ ಬಿತ್ತು.

"ಅಷ್ಟೇ ಅಲ್ಲ ಮಂಗಳಗೌರಿ. ಪ್ರಿಯಾಂಕಗೆ ಫೋಟೋ ಗೊತ್ತಿಲ್ಲ, ಶಂಕರನಿಗೆ ಮಲಯಾಳಂ ಮಾತು ಗೊತ್ತಿಲ್ಲ. ಒಬ್ಬರ ಮುಖ ಒಬ್ಬರು ನೋಡಿದ್ದೇ ಇವತ್ತು. ಹೊರಗಿನವರ ಕೈಲಿ ಇದ್ದದ್ದು ಅವರವರ ಕೆಲಸದ ತುಂಡು ಮಾತ್ರ. ಎರಡು ತುಂಡೂ ಸೇರಿದ್ದು ನಿನ್ನ ಆಫೀಸಿನೊಳಗೆ. ಅಲ್ಲಿ ಎರಡನ್ನೂ ಕಂಡವರು ನೀನು ಮತ್ತು ಮೃತ್ಯುಂಜಯ."

ಮೃತ್ಯುಂಜಯ ತಲೆಯೆತ್ತಲಿಲ್ಲ. "ನಿಮ್ಮ ಮಾವನೋರ ಕಾಲದಿಂದ ಇದ್ದೋನು ನಾನು. ಫೋಟೋಕ್ಕೊಬ್ಬ ಬಂದ, ಮಾತಿಗೊಬ್ಬಳು ಬಂದ್ಲು. ನಾಳೆ ನನ್ನ ಕುರ್ಚಿಗೂ ಒಬ್ಬ ಬತ್ತಾನೆ ಅನ್ನುಸ್ತು. ಆ ಕಂಪ್ನಿಯವ್ರು ದೊಡ್ಡ ಕೆಲಸ ಕೊಡ್ತೀವಿ ಅಂದ್ರು. ಹಲಗೆ ಮರೇಲಿ ಫೋನಲ್ಲಿ ಒಂದು ತೆಗೆದು, ಆ ಮಾತೂ ಸೇರ್ಸಿ ಕೊಟ್ಬುಟ್ಟೆ."

"ಅವ್ರು ಬಂದಿದ್ದು ನಿನಗೆ ಗೊತ್ತಿಲ್ಲದ ಕೆಲಸಕ್ಕೆ ಕಣಯ್ಯ" ಎಂದಳು ಮಂಗಳಗೌರಿ. "ನಿನಗೆ ಗೊತ್ತಿರೋ ಕೆಲಸ ನಿಂದೇ ಆಗಿತ್ತು." ಅವನಿಂದ ಮಿಲ್ಲಿನ ಬೀಗದ ಕೈ ಇಸಿದುಕೊಂಡು, ಸ್ಟೇಷನ್ನಿಗೆ ದೂರು ಕೊಡಲೇಬೇಕು ಎಂದಳು. ಆಮೇಲೆ ಶಂಕರನ ಮುಂದೆ ನಿಂತು, "ತಪ್ಪು ನಂದಪ್ಪ. ಯಾರ್ಯಾರಿಗೆ ನಿನ್ನ ಮೇಲೆ ಹೇಳಿದ್ನೋ, ಅವರ ಮನೆಮನೆಗೂ ನಾನೇ ಹೋಗಿ ಹೇಳ್ತೀನಿ" ಎಂದಳು.

ಅಷ್ಟರಲ್ಲಿ ಪ್ರಿಯಾಂಕ, ಶಂಕರನ ಕ್ಯಾಮೆರಾದಲ್ಲಿ ಆಗತಾನೇ ಮೂಡಿದ್ದ ಚಿತ್ರ ನೋಡುತ್ತಾ ನಿಂತಿದ್ದಳು. ಪುಟ್ಟಸಿದ್ದಮ್ಮನ ಬೆರಳ ಸಂದಿಗಳಲ್ಲೆಲ್ಲ ಅರಿಶಿನ ಇಳಿದಿತ್ತು.

"ಮೊದಲೇ ಇದನ್ನ ತೋರಿಸಿದ್ರೆ ಬೇರೆ ಬರೀತಿದ್ದೆ ಅಕ್ಕ" ಎಂದಳು. ಕೊಂಚ ತಡೆದು, "ಕಳುಗಿಯಾಲುಂ ಪೋಗಾತ್ತ ನಿರಂ" ಎಂದಳು. "ತೊಳೆದರೂ ಹೋಗದ ಬಣ್ಣ."

ಪುಟ್ಟಸಿದ್ದಮ್ಮ ತನ್ನ ಕೈಯನ್ನು ತಾನೇ ತಿರುಗಿಸಿ ನೋಡಿಕೊಂಡಳು.

"ಬತ್ತೇರಿಯವ್ರು ಹಳೇದನ್ನ ಇಟ್ಕಳ್ಳಿ ಬುಡಿ" ಎಂದಳು ಮಂಗಳಗೌರಿ. "ನೀವಿಬ್ರೂ ಇವತ್ತು ಇಲ್ಲೇ ಊಟ ಮಾಡಿ. ಒಟ್ಟಿಗೆ ಕೂತು ಹೊಸದು ಮಾಡನ."