ಹಗ್ಗದಟ್ಟಕ್ಕೆ ಮುಟ್ಟದ ಮಾತು

ಮರದ ಮೆಟ್ಟಿಲು ನಟ್ಟನಡುವೆ ಎರಡು ತುಂಡಾಗಿ ಬಿದ್ದಿತ್ತು. ಅದರ ಮೇಲೆ ಅಡ್ಡಲಾಗಿ, ಪರದೆ ಕಟ್ಟಿದ ಕಬ್ಬಿಣದ ಕೊಳವೆ. ಒಂದು ಕ್ಷಣ ಮೊದಲು ಆ ಮೆಟ್ಟಿಲ ಮೇಲೆ ನಿಂತಿದ್ದ ನಟಿ ರಂಗದ ಅಂಚಿನಲ್ಲಿ ಕೂತು ನಡುಗುತ್ತಿದ್ದಳು. ಗಾಯವಿಲ್ಲ. ಒಂದು ಚಪ್ಪಲಿ ಮಾತ್ರ ಕೊಳವೆಯ ಕೆಳಗೆ ಸಿಕ್ಕಿಕೊಂಡಿತ್ತು.

"ನಿಲ್ಲಿಸಿ ಅಂದೆನಲ್ಲ! ಎಷ್ಟು ಸಲ ಅನ್ನಬೇಕು?" ಸಭಾಂಗಣದ ಹಿಂದಿನ ಗಾಜಿನ ಕೋಣೆಯಿಂದ ಓಡಿ ಬಂದ ರಂಗ ನಿರ್ವಾಹಕಿ ಮೇಲೆ ನೋಡಿ ಕೂಗಿದರು.

ರಂಗದ ಮೇಲಿನ ಹಗ್ಗದಟ್ಟದಿಂದ ಒಂದು ಬಿಳಿ ತಲೆ ಇಣುಕಿತು. "ನನಗೇನೂ ಕೇಳಿಸ್ಲಿಲ್ಲ ಮೇಡಂ."

ಆ ಬಿಳಿ ತಲೆ ನನ್ನ ಮಾವನದು. ಪರದೆಗಳನ್ನು ಏರಿಸಿ ಇಳಿಸುವ ಹಗ್ಗಗಳು ಮೂವತ್ತೊಂದು ವರ್ಷದಿಂದ ಅವರ ಕೈಯಲ್ಲಿವೆ. ಅಟ್ಟದಿಂದ ರಂಗ ಕಾಣುವುದಿಲ್ಲ, ನಡುವೆ ಕಪ್ಪು ಬಟ್ಟೆ. ಗಾಜಿನ ಕೋಣೆಯಲ್ಲಿ ಕುಳಿತ ನಿರ್ವಾಹಕಿ ಇಂಟರ್‌ಕಾಮ್‌ನಲ್ಲಿ 'ಇಳಿಸಿ' ಎಂದರೆ ಇಳಿಸಬೇಕು, 'ನಿಲ್ಲಿಸಿ' ಎಂದರೆ ನಿಲ್ಲಿಸಬೇಕು. ಕಿವಿಯೇ ಅವರ ಕಣ್ಣು.

ಆ ಇಂಟರ್‌ಕಾಮ್ ಹಾಕಿದವನು ನಾನು.

ಕೇಳಿಸಲಿಲ್ಲವೆಂದರೇನು? ನನ್ನ ಮೈಯೆಲ್ಲ ಉರಿಯಿತು. ಇಡೀ ನಾಲ್ಕು ದಿನ ಈ ಡಿಜಿಟಲ್ ವ್ಯವಸ್ಥೆಯ ಜೊತೆ ಗುದ್ದಾಡಿದ್ದೆ. ಒಂದು ಮುಖ್ಯ ಪೆಟ್ಟಿಗೆ, ಮೂರು ಆಂಟೆನಾ, ಸೊಂಟಕ್ಕೆ ಸಿಕ್ಕಿಸುವ ಎಂಟು ಪುಟ್ಟ ಪೆಟ್ಟಿಗೆಗಳು. ಮೊದಲ ದಿನ ಆಂಟೆನಾಗಳು ಒಂದನ್ನೊಂದು ಗುರುತಿಸಲೇ ಇಲ್ಲ. ಎರಡನೆಯ ದಿನ ಸೊಂಟದ ಪೆಟ್ಟಿಗೆಗಳ ಸಾಫ್ಟ್‌ವೇರ್ ಹಳೆಯದು, ಮುಖ್ಯ ಪೆಟ್ಟಿಗೆಯದು ಹೊಸದು. ಒಂದೊಂದನ್ನೂ ಸರಿಮಾಡಲು ಮುಕ್ಕಾಲು ಗಂಟೆ. ಮೂರನೆಯ ದಿನ ಜನರ ಸರದಿ. ಒಬ್ಬರಿಗೆ ದನಿ ಜೋರು, ಇನ್ನೊಬ್ಬರಿಗೆ ಸಣ್ಣ. ನಿರ್ವಾಹಕಿಗೆ ತಮ್ಮ ದನಿ ತಮ್ಮ ಕಿವಿಗೆ ಕೇಳಬೇಕಂತೆ, ಹಳೆಯದರಲ್ಲಿ ಕೇಳುತ್ತಿತ್ತಂತೆ. ಆಯ್ತಮ್ಮಾ, ಯಾವಾಗಲೂ ಕೇಳಿಸಿಕೊಳ್ಳಿ ಎಂದು ಅದನ್ನೂ ಹಾಕಿಕೊಟ್ಟೆ. ನಡುವೆ ಮಾವ ಬೇರೆ ಏಣಿಯ ಕೆಳಗೆ ನಿಂತು, "ಅಳಿಯಂದ್ರೇ, ಇಲ್ಲಿಯವರ ವಿಷಯ ಒಂದು ಹೇಳ್ಬೇಕಿತ್ತು" ಎಂದರು. "ಆಮೇಲೆ ಮಾವ" ಎಂದೆ. ಆ ಆಮೇಲೆ ಬರಲೇ ಇಲ್ಲ.

ಈಗ ಆಡಳಿತಾಧಿಕಾರಿ ನನ್ನನ್ನು ಗಾಜಿನ ಕೋಣೆಗೆ ಕರೆದು ನೇರವಾಗಿ ಕೇಳಿದರು. "ಮಿಷನ್ ತಪ್ಪೋ, ಮನುಷ್ಯನ ತಪ್ಪೋ?"

ಲ್ಯಾಪ್‌ಟಾಪ್ ತೆರೆದು ದಾಖಲೆ ತೋರಿಸಿದೆ. ಯಾರು, ಯಾವಾಗ, ಯಾರಿಗಾಗಿ ಮಾತಿನ ಗುಂಡಿ ಒತ್ತಿದರು ಎಂಬುದೆಲ್ಲ ಅದರಲ್ಲಿ ಬರುತ್ತದೆ. ಹನ್ನೊಂದು ನಲವತ್ತೆರಡು, ಏಳನೆಯ ಸೆಕೆಂಡು: ನಿರ್ವಾಹಕಿಯಿಂದ ಹಗ್ಗದಟ್ಟಕ್ಕೆ ಮಾತಿನ ಗುಂಡಿ ತೆರೆದಿದೆ. ಮಾವನ ಪೆಟ್ಟಿಗೆ ಸಂಪರ್ಕದಲ್ಲಿದೆ. ಬ್ಯಾಟರಿ ತುಂಬಿದೆ.

"ಅವರು ನಿಲ್ಲಿಸಿ ಅಂದಿದ್ದು ನಿಜ," ಎಂದರು ಪಕ್ಕದಲ್ಲಿದ್ದ ಧ್ವನಿ ವಿಭಾಗದವರು. ಎಲ್ಲರೂ ಅವರನ್ನು ಸೌಂಡಣ್ಣ ಎನ್ನುತ್ತಾರೆ. "ನಾನು ಇಲ್ಲೇ ಕೂತಿದ್ದೆ. ಈ ಕಿವೀಲೇ ಕೇಳಿದೀನಿ."

ಹೇಳಿದವರು ಹೇಳಿದ್ದಾರೆ. ಯಂತ್ರ ಕಳಿಸಿದೆ. ಉಳಿದದ್ದು ಅರವತ್ತೆರಡು ವರ್ಷದ ಒಂದು ಜೊತೆ ಕಿವಿ. ವ್ಯವಸ್ಥೆಯಲ್ಲಿ ದೋಷವಿಲ್ಲ ಎಂದು ವರದಿ ಬರೆದು ಸಹಿ ಹಾಕಿದೆ. ಈ ಕೆಲಸ ನನಗೆ ಕೊಡಿಸಿದ್ದೇ ಮಾವ.

"ಮೂರು ಗಂಟೆಗೆ ಅವರ ಕೈಗೆ ಕೆಲಸದಿಂದ ಬಿಡಿಸೋ ಪತ್ರ ಕೊಡ್ತೀನಿ," ಎಂದರು ಅಧಿಕಾರಿ. "ಕಿವಿ ಕೇಳದೋರನ್ನ ಹಗ್ಗದ ಹತ್ತಿರ ಬಿಡೋಕಾಗಲ್ಲ."

ಹನ್ನೆರಡೂವರೆಗೆ ಮಾವನ ಊಟದ ಡಬ್ಬಿ ಹಿಡಿದು ಅತ್ತೆ ಬಂದರು.

ನನ್ನ ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನ ದೂರು ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಇದ್ದವರು. ಯಾವ ಲೈನು ಎಲ್ಲಿ ಸತ್ತಿದೆ ಎಂದು ಕುಳಿತ ಜಾಗದಿಂದಲೇ ಹೇಳುತ್ತಿದ್ದರಂತೆ. ನಾನು ಎಲ್ಲವನ್ನೂ ಹೇಳಿ ಮುಗಿಸುವವರೆಗೆ ಡಬ್ಬಿಯ ಹಿಡಿಯನ್ನು ಬಿಡಲಿಲ್ಲ.

"ಸಹಿ ಹಾಕಿದ್ರಾ?"

"ದಾಖಲೆ ಹಾಗಿದೆ ಅತ್ತೆ. ನಾನೇನು ಮಾಡ್ಲಿ?"

"ನಾನು ಅಡುಗೆಮನೇಲಿ ಗೊಣಗಿದ್ದು ಬೀದೀಲಿ ನಿಂತ ಈ ಮನುಷ್ಯನಿಗೆ ಕೇಳಿಸತ್ತೆ. ಕಿವಿ ಹೋಗಿದ್ರೆ ನಮ್ಮನೇಲಿ ಇಷ್ಟು ಜಗಳ ಯಾಕಾಗ್ತಿತ್ತು?" ಡಬ್ಬಿಯನ್ನು ನನ್ನ ಕೈಗಿತ್ತರು. "ಮೂರು ಗಂಟೆ ಅಂದ್ರಲ್ಲ? ಟೈಮಿದೆ. ನಡೀರಿ."

ಮೊದಲು ಸೌಂಡಣ್ಣ. ಅವರ ಮೇಲೆ ನನಗೂ ಅನುಮಾನವಿತ್ತು. ಹಳೆಯ ತಂತಿಯ ಇಂಟರ್‌ಕಾಮ್ ಅವರ ಕೂಸು. ನನ್ನನ್ನು ಕಂಡಾಗಲೆಲ್ಲ ಮುಖ ಗಂಟು ಹಾಕುತ್ತಿದ್ದರು. ಮುಖ್ಯ ಪೆಟ್ಟಿಗೆಯಿಟ್ಟ ಕಪಾಟಿನ ಬಾಗಿಲು ಎರಡು ಸಲ ತೆರೆದಿದ್ದುದನ್ನೂ ನೋಡಿದ್ದೆ.

"ಕಪಾಟಿಗೆ ಕೈ ಹಾಕಿದ್ದು ನೀವೇನಾ?" ಅತ್ತೆ ಕೇಳಿದರು.

"ನಾನ್ಯಾಕೆ ಹಾಕ್ಲಿ?"

"ಹಾಗಾದ್ರೆ ತೆಗೆದು ನೋಡೋಣ. ಆಗಬಹುದಲ್ಲ?"

ಸೌಂಡಣ್ಣನ ಕಿವಿ ಕೆಂಪಾಯಿತು. ಕಪಾಟಿನ ತಳದಲ್ಲಿ, ಬಟ್ಟೆ ಸುತ್ತಿ ಇಟ್ಟ ಹಳೆಯ ಇಂಟರ್‌ಕಾಮ್ ಪೆಟ್ಟಿಗೆ!

"ಸಿಕ್ಕಿಬಿದ್ರಲ್ಲ!" ಎಂದು ಕೂಗಿಯೇಬಿಟ್ಟೆ. "ನನ್ನ ಸಿಸ್ಟಮ್ ಹಾಳುಮಾಡೋಕೆ—"

"ಸುಮ್ನಿರಿ ಅಳಿಯಂದ್ರೇ. ಯಾವುದಕ್ಕೂ ಸೇರಿಸಿಲ್ಲ ಅದನ್ನ."

"ಹದಿನೇಳು ವರ್ಷ ನಾನೇ ಬೆಸುಗೆ ಹಾಕಿ ಹಾಕಿ ಬದುಕಿಸಿದ್ದು," ಎಂದರು ಸೌಂಡಣ್ಣ ನೆಲ ನೋಡುತ್ತಾ. "ಗುಜರಿಗೆ ಹಾಕಿ ಅಂದ್ರು. ಮನಸ್ಸು ಬರ್ಲಿಲ್ಲ. ಅಷ್ಟೆ."

ಅತ್ತೆ ಅದನ್ನು ವಿದ್ಯುತ್ತಿಗೆ ಸೇರಿಸಲು ಹೇಳಿದರು. ಸವೆದು ಹೊಳೆಯುತ್ತಿದ್ದ ಮಾತಿನ ಗುಂಡಿಯನ್ನು ಒತ್ತಿದರು. ದೀಪ ಹತ್ತಲಿಲ್ಲ. ಮತ್ತೊಮ್ಮೆ ಒತ್ತಿದರು. ಕೆಂಪು ದೀಪ ಹತ್ತಿತು.

"ಎಷ್ಟು ದಿನದಿಂದ ಹೀಗೆ?"

"ಹತ್ತು ವರ್ಷ ಆಗಿರ್ಬೇಕು. ಎಲ್ಲಾ ಪೆಟ್ಟಿಗೆನೂ ಹೀಗೇ. ಏನು ಮಾಡಿದ್ರೂ ಸರಿ ಹೋಗ್ಲಿಲ್ಲ."

ಗಂಟೆ ಒಂದೂವರೆ. ಸತ್ತ ಪೆಟ್ಟಿಗೆಯ ಕಥೆ ಕಟ್ಟಿಕೊಂಡು ನಮಗೇನಾಗಬೇಕು? ನಾನು ಹಲ್ಲು ಕಚ್ಚಿಕೊಂಡೆ.

ನಿರ್ವಾಹಕಿ ಗಾಜಿನ ಕೋಣೆಯ ಹೊರಗೆ, ಕಾಫಿ ಯಂತ್ರದ ಮುಂದೆ ನಿಂತಿದ್ದರು. ಕಣ್ಣು ಕೆಂಪಗಿತ್ತು.

"ನಾನು ಹೇಳಿದೀನಿ ಅಮ್ಮಾ. ನನ್ನ ದನಿ ನನ್ನ ಕಿವೀಲೇ ಕೇಳಿಸ್ತು. ನಿಮ್ಮ ಯಜಮಾನರ ಮೇಲೆ ನನಗೇನು ದ್ವೇಷನಾ? ಆ ಹುಡುಗಿ ಸತ್ತೇ ಹೋಗ್ತಿದ್ದಳು." ಮಾತಾಡುತ್ತಲೇ ಯಂತ್ರದ ಗುಂಡಿ ಒತ್ತಿದರು— ಟಕ್ ಟಕ್. ಲೋಟದ ತಳ ಮುಚ್ಚುವಷ್ಟು ಕಾಫಿ ಬಿದ್ದು ನಿಂತಿತು. "ಇದೊಂದು ಹಾಳು ಮಿಷನ್! ಒಂದು ಲೋಟ ತುಂಬೋಕೆ ನಾಲ್ಕು ಸಲ ಬೇಡ್ಕೋಬೇಕು."

ಅತ್ತೆ ಅವರ ಕೈಯಿಂದ ಲೋಟ ಪಡೆದು, ಯಂತ್ರದ ನಳಿಕೆಯ ಕೆಳಗಿಟ್ಟು, ತಾವೇ ಗುಂಡಿ ಒತ್ತಿದರು. ಲೋಟ ತುಂಬಿತು.

"ತಗೊಳ್ಳಿ, ಕುಡೀರಿ," ಎಂದರು ಮೆಲ್ಲಗೆ. ನಂತರ ನನ್ನ ಕಡೆ ತಿರುಗಿದರು. "ನಿಮ್ಮ ದಾಖಲೆ ತೋರಿಸಿ."

ಲ್ಯಾಪ್‌ಟಾಪ್ ಅವರ ಮುಂದಿಟ್ಟೆ. ಕನ್ನಡಕ ಏರಿಸಿ, ಬೆರಳಿಟ್ಟು ಓದಿದರು.

"ಇದು ಫೋನ್ ಎತ್ತಿದ್ದು. ಇಟ್ಟಿದ್ದು ಎಲ್ಲಿ?"

"ಅಂದ್ರೆ?"

"ನಮ್ಮಲ್ಲಿ ಎತ್ತಿದ ಹೊತ್ತೂ ಬರೀತಿದ್ವಿ, ಇಟ್ಟ ಹೊತ್ತೂ ಬರೀತಿದ್ವಿ. ಇಲ್ಲಿ ಗುಂಡಿ ತೆರೆದಿದ್ದು ಮಾತ್ರ ಇದೆ. ಮುಚ್ಚಲೇ ಇಲ್ವಾ ಯಾರೂ?"

ಮುಚ್ಚಿದ ಸಾಲುಗಳನ್ನು ಮರೆಮಾಡಿದ್ದವನು ನಾನೇ. ಪಟ್ಟಿ ಉದ್ದವಾಗಿ ತಲೆ ತಿನ್ನುತ್ತದೆಂದು ಮೂರನೆಯ ದಿನ ಅವನ್ನು ಕಾಣದಂತೆ ಮಾಡಿದ್ದೆ. ಈಗ ಮತ್ತೆ ತೆರೆದೆ. ಅತ್ತೆ ನೋಡಿದರು. ನಾನೂ ನೋಡಿದೆ.

"ಅಧಿಕಾರಿಗಳನ್ನ ಕರೀರಿ," ಎಂದರು ಅತ್ತೆ. "ರಂಗದ ಮೇಲೆ ಒಂದು ನರಪಿಳ್ಳೆನೂ ಇರಬಾರದು."

ಅವರು ಅಟ್ಟಕ್ಕೆ ಹೋಗಿ ಮಾವನ ಹತ್ತಿರ ಏನೋ ಪಿಸುಗುಟ್ಟಿ ಬಂದರು. ಅಧಿಕಾರಿಯನ್ನೂ ಮೇಲೆ ಕಳಿಸಿ, ಮಾವನ ಹೆಡ್‌ಸೆಟ್ಟನ್ನೇ ಅವರ ಕಿವಿಗೆ ಹಾಕಿಸಿದರು. ಗಾಜಿನ ಕೋಣೆಯಲ್ಲಿ ನಿರ್ವಾಹಕಿ, ಸೌಂಡಣ್ಣ, ನಾವಿಬ್ಬರು.

"ಮೇಡಂ, ಅಧಿಕಾರಿಗಳ ಹತ್ತಿರ ಸುಮ್ನೆ ಮಾತಾಡಿ ನೋಡಿ."

ನಿರ್ವಾಹಕಿ ನಾನು ಕಲಿಸಿದಂತೆಯೇ ಗುಂಡಿ ಒತ್ತಿ ಹಿಡಿದರು. "ಸರ್, ಕೇಳಿಸ್ತಿದೆಯಾ?"

"ಚೆನ್ನಾಗಿ ಕೇಳಿಸ್ತಿದೆ," ಎಂಬ ಉತ್ತರ ಬಂತು.

ಎಲ್ಲವೂ ಸರಿಯಾಗಿಯೇ ಇದೆಯಲ್ಲ! ನಿರ್ವಾಹಕಿ ಗುಂಡಿ ಬಿಟ್ಟು ಅತ್ತೆಯತ್ತ ತಿರುಗುವಷ್ಟರಲ್ಲಿ ರಂಗದ ಮೇಲೆ ಏನೋ ಅಲುಗಿತು. ಯಾರೂ ಹೇಳದೆಯೇ ಇನ್ನೊಂದು ಪರದೆಯ ಕೊಳವೆ ಇಳಿಯತೊಡಗಿತ್ತು.

"ಅಯ್ಯೋ! ನಿಲ್ಲಿಸಿ! ನಿಲ್ಲಿಸಿ!"

ಹೆಬ್ಬೆರಳು— ಟಕ್ ಟಕ್.

ಕೊಳವೆ ಇಳಿಯುತ್ತಲೇ ಇತ್ತು. ನೆಲಕ್ಕೆ ಮೊಣಕಾಲೆತ್ತರ ಉಳಿದಾಗ ತಾನಾಗಿ ನಿಂತಿತು. ನಿರ್ವಾಹಕಿ ಬೆವೆತುಹೋಗಿದ್ದರು. ಅಷ್ಟರಲ್ಲಿ ಅಧಿಕಾರಿ ಮೆಟ್ಟಿಲಿಳಿದು ಬಂದರು.

"ಇಳಿಸೋಕೆ ಹೇಳಿದ್ಯಾರು?"

"ನಾನು. ಮೊಣಕಾಲೆತ್ತರಕ್ಕೆ ನಿಲ್ಲಿಸೋಕೂ ನಾನೇ ಹೇಳಿದ್ದೆ," ಎಂದರು ಅತ್ತೆ. "ಮೇಡಂ ನಿಲ್ಲಿಸಿ ಅಂತ ಕೂಗಿದ್ರಲ್ಲ, ನಿಮಗೆ ಕೇಳಿಸ್ತಾ?"

"ಕೂಗಿದ್ರಾ? ಯಾವಾಗ? ಏನೂ ಕೇಳಿಸ್ಲಿಲ್ಲ."

"ಹಾಗಾದ್ರೆ ನಿಮಗೂ ಒಂದು ಪತ್ರ ಟೈಪ್ ಮಾಡ್ಸಿ."

ಅಧಿಕಾರಿ ಕುರ್ಚಿಯಲ್ಲಿ ಕುಳಿತರು.

ಅತ್ತೆ ಹಳೆಯ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟರು. "ಇದನ್ನ ಒಂದು ಸಲ ಒತ್ತಿದ್ರೆ ಏನೂ ಆಗಲ್ಲ. ಎರಡನೇ ಸಲಕ್ಕೆ ತೆರೆಯತ್ತೆ. ಹತ್ತು ವರ್ಷ ಇಲ್ಲಿ ಎಲ್ಲರ ಹೆಬ್ಬೆರಳೂ ಹೀಗೇ ಪಳಗಿದೆ. ಸಮಾಧಾನವಾಗಿದ್ದಾಗ ಮೇಡಂ ಅಳಿಯಂದ್ರು ಕಲಿಸಿದ ಹಾಗೆ ಒತ್ತಿ ಹಿಡೀತಾರೆ. ಗಾಬರಿ ಆದಾಗ ಹಳೇ ಕೈ ಬಂದುಬಿಡತ್ತೆ. ಕಾಫಿ ಮಿಷನ್ ಹತ್ತಿರಾನೂ ಅದೇ ಕೈ. ಮೊದಲ ಒತ್ತಿಗೆ ಕಾಫಿ ಶುರುವಾಗತ್ತೆ, ಎರಡನೆಯದಕ್ಕೆ ನಿಲ್ಲತ್ತೆ. ಹೊಸ ಪೆಟ್ಟಿಗೆನೂ ಹಾಗೇ."

"ಆದ್ರೆ ನನ್ನ ಕಿವೀಲಿ ಕೇಳಿಸ್ತಲ್ಲ!" ಎಂದರು ನಿರ್ವಾಹಕಿ.

"ಅದಕ್ಕೆ ಉತ್ತರ ಅಳಿಯಂದ್ರು ಹೇಳ್ತಾರೆ."

ನಾನು ಎದ್ದು ನಿಂತೆ. ನಾಚಿಕೆಯಿಂದ ಮುಖ ಸುಡುತ್ತಿತ್ತು. "ನಿಮ್ಮ ದನಿ ನಿಮಗೆ ಯಾವಾಗಲೂ ಕೇಳಿಸೋ ಹಾಗೆ ಮಾಡಿದ್ದೆ ಮೇಡಂ. ಲೈನ್ ತೆರೆದಿದ್ರೂ, ಮುಚ್ಚಿದ್ರೂ." ಲ್ಯಾಪ್‌ಟಾಪನ್ನು ಅಧಿಕಾರಿಯತ್ತ ತಿರುಗಿಸಿದೆ. ಹನ್ನೊಂದು ನಲವತ್ತೆರಡು, ಏಳನೆಯ ಸೆಕೆಂಡು, ತೆರೆದಿದೆ. ಅದರ ಕೆಳಗೇ, ಅದೇ ಏಳನೆಯ ಸೆಕೆಂಡು, ಮುಚ್ಚಿದೆ. "ಮಾತು ಈ ಕೋಣೆ ದಾಟಲೇ ಇಲ್ಲ. ಒಮ್ಮೆ ತಟ್ಟಿದ್ರೆ ತೆರೆದು ಇನ್ನೊಮ್ಮೆ ತಟ್ಟಿದ್ರೆ ಮುಚ್ಚೋ ಹಾಗೆ ಕಾರ್ಖಾನೆಯಿಂದಲೇ ಬಂದಿತ್ತು. ಅದನ್ನ ಹಾಗೇ ಬಿಟ್ಟವನು ನಾನು. ಈ ಸಾಲನ್ನ ಮರೆಮಾಡಿದ್ದೂ ನಾನೇ. ತಪ್ಪು ನನ್ನದು."

ನಾನು ಸಹಿ ಹಾಕಿದ ವರದಿಯನ್ನು ಅಧಿಕಾರಿ ಕಡತದಿಂದ ತೆಗೆದು ನನ್ನ ಕೈಗೆ ಕೊಟ್ಟರು. ಹರಿದು ಹಾಕಿ ಬೇರೆ ಬರೆದೆ. ಗಂಟೆ ಎರಡು ಐವತ್ತು.

ಆದರೆ ಒಂದು ವಿಷಯ ನನ್ನನ್ನು ಕೊರೆಯುತ್ತಿತ್ತು. ಏಣಿಯ ಕೆಳಗೆ ನಿಂತು ಮಾವ ಹೇಳಲು ಬಂದದ್ದೇನು? ಆರಿಹೋದ ಊಟದ ಡಬ್ಬಿ ಹಿಡಿದು ಅಟ್ಟಕ್ಕೆ ಹತ್ತಿದೆ. ಅವರು ಹಗ್ಗದ ಗಂಟು ಬಿಗಿಯುತ್ತಿದ್ದರು.

"ಮಾವ, ಅವತ್ತು ಏನೋ ಹೇಳೋಕೆ ಬಂದಿದ್ರಲ್ಲ?"

"ಇಲ್ಲಿಯವರು ಎರಡೆರಡು ಸಲ ಒತ್ತುತ್ತಾರೆ, ನೋಡ್ಕೊಳ್ಳಿ ಅಂತ. ನೀವು ಬ್ಯುಸಿ ಇದ್ರಿ."

"ಹಾಗಾದ್ರೆ ಬೆಳಗ್ಗೆನೇ ಗೊತ್ತಿತ್ತಾ? ಅಷ್ಟು ಜನರ ಮುಂದೆ ಕಿವುಡ ಅನ್ನಿಸ್ಕೊಂಡು ಸುಮ್ನೆ ನಿಂತ್ರಲ್ಲ, ಯಾಕೆ?"

ಮಾವ ಗಂಟಿನಿಂದ ಕಣ್ಣೆತ್ತಲಿಲ್ಲ. "ನನಗೆ ಇನ್ನೆಷ್ಟು ದಿನದ ಕೆಲಸ? ನಿಮಗಿದು ಮೊದಲನೇ ದೊಡ್ಡ ಕೆಲಸ. ಮಿಷನ್ ಕೆಟ್ಟಿದೆ ಅಂತ ಹೆಸರು ಬಂದ್ರೆ ಇನ್ನೊಬ್ಬರು ಕರೀತಾರಾ?"

ನನಗೆ ಅಳು ಬಂತು. ಮುಚ್ಚಿಡಲಿಲ್ಲ. ಮಾವ ಡಬ್ಬಿ ಬಿಚ್ಚಿ ನನ್ನತ್ತಲೂ ಒಂದು ತಟ್ಟೆ ಸರಿಸಿದರು.

ಸಂಜೆಯೊಳಗೆ ವ್ಯವಸ್ಥೆಯನ್ನು ಮತ್ತೆ ಹೊಂದಿಸಿದೆ. ನಿರ್ವಾಹಕಿಯ ದನಿ ಹಗ್ಗದಟ್ಟಕ್ಕೆ ಸದಾ ತೆರೆದೇ ಇರುತ್ತದೆ. ಗುಂಡಿಯ ಹಂಗೇ ಇಲ್ಲ. ಉಳಿದವರಿಗೆ ಲೈನ್ ತೆರೆದಾಗ ಮಾತ್ರ ತಮ್ಮ ದನಿ ಕೇಳುತ್ತದೆ. ಆಮೇಲೆ ಎಂಟೂ ಜನರ ಪಕ್ಕದಲ್ಲಿ ಒಬ್ಬೊಬ್ಬರಾಗಿ ಕೂತು, ಹೇಗೆ ಒತ್ತುತ್ತೀರಿ, ತೋರಿಸಿ ಎಂದು ಕೇಳಿದೆ. ಮೊದಲ ದಿನವೇ ಮಾಡಬೇಕಿದ್ದ ಕೆಲಸ.

ಕೊನೆಗೆ ನನ್ನ ಹೆಡ್‌ಸೆಟ್ ಹಾಕಿಕೊಂಡು ಅಟ್ಟವನ್ನು ಕರೆದೆ. "ಮಾವ, ಮೇಡಂ ದನಿ ಬರ್ತಿದೆಯಾ?"

"ಚೆನ್ನಾಗಿ ಬರ್ತಿದೆ ಅಳಿಯಂದ್ರೇ. ಕಾಫಿ ಮತ್ತೆ ತಳದಲ್ಲೇ ನಿಂತಿದೆಯಂತೆ, ಬೈತಾ ಇದ್ದಾರೆ. ಹೋಗಿ, ಒಂದೇ ಸಲ ಒತ್ತೋಕೆ ಹೇಳಿ."