ಗೋಡೆಯ ಮೇಲಿನ 'ಉ'

"ರೀ ಮಿಸ್ಟರ್! ಅದು ಗೋಡೆ, ನಿಮ್ಮ ಸ್ಲೇಟಲ್ಲ!"

ಕತ್ತರಿ ಹಿಡಿದೇ ಹೊರಗೆ ಓಡಿಬಂದಳು ಟೈಲರ್ ಹುಡುಗಿ. ಹೊಸ ಸ್ಟೇಡಿಯಂ ಹಿಂದಿನ ಓಣಿಯಲ್ಲಿ ಅವಳಪ್ಪನ ಅಂಗಡಿ. ಆಟಗಾರರ ಜೆರ್ಸಿಗೆ ಹೆಸರು, ನಂಬರು ಹೊಲಿಯುವುದೇ ಕಸುಬು. ಅದರ ಗೋಡೆಗೆ ಸರ್ವೆಯವನೊಬ್ಬ ಕೆಂಪು ಬಣ್ಣದಲ್ಲಿ ದೊಡ್ಡದಾಗಿ 'ಉ' ಎಂದು ಬರೆದಿದ್ದ.

"ಏನ್ರೀ ಇದು ಉ?"

"ಸೋಮವಾರದ ಸಭೇಲಿ ಪಟ್ಟಿ ಓದ್ತಾರೆ. ಅಲ್ಲೀವರೆಗೂ ನಾನು ಬಾಯಿ ಬಿಡೋ ಹಾಗಿಲ್ಲ."

ಕತ್ತರಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದ. ಆದರೂ ನಕ್ಕ. ಆ ನಗುವಿಗೆ ಅವಳ ಎದೆ ಧಸಕ್ಕೆಂದಿತು... ಥೂ, ಇದೆಂಥ ಹೊತ್ತಲ್ಲಿ ಇದೆಂಥ ಹುಚ್ಚು!

ಸ್ಟೇಡಿಯಂ ಸುತ್ತ ಅಗಲ ರಸ್ತೆ, ಹೋಟೆಲು, ಪಾರ್ಕು ಎಲ್ಲ ಬರುತ್ತದಂತೆ. ಓಣಿಯಲ್ಲಿ ಯಾವ ಅಂಗಡಿ ಇರುತ್ತದೆ, ಯಾವುದು ಹೋಗುತ್ತದೆ, ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದವರೇ ಹೆಚ್ಚು ಮಾತಾಡುವುದು ತಾನೆ! ಪಕ್ಕದ ಪಾರ್ಲರ್ ಆಂಟಿ ತೀರ್ಪು ಕೊಟ್ಟೇಬಿಟ್ಟರು.

"ಉ ಅಂದ್ರೆ ಉರುಳಿಸು ಕಣೇ! ನನ್ನ ಗೋಡೆ ನೋಡು, ಎಷ್ಟು ಚೊಕ್ಕವಾಗಿದೆ."

ಮೆಷಿನ್ ತುಳಿಯುತ್ತಿದ್ದ ಅಪ್ಪನ ಕಾಲು ನಿಂತಿತು. ಮೂವತ್ತು ವರ್ಷದ ಅಂಗಡಿ! "ಎಲ್ಲಿಗೆ ಹೋಗೋಣಮ್ಮ?" ಎಂದರು.

ಆ ಸರ್ವೆಯವನೋ, ಮರುದಿನವೂ ಟೇಪು ಹಿಡಿದು ಬಂದ. ಅದರ ಮರುದಿನವೂ ಬಂದ. ಅದೇ ಗೋಡೆ, ಅದೇ ಅಳತೆ! ಹೋಗುವಾಗ ಜೇಬು ಹರಿದ ಶರ್ಟೊಂದನ್ನು ಅವಳ ಮುಂದಿಟ್ಟ.

"ಹೊಲಿದಿಡಿ. ಅವಸರ ಇಲ್ಲ, ಮುಂದಿನ ತಿಂಗಳು ಬಂದು ತಗೋತೀನಿ."

ಮುಂದಿನ ತಿಂಗಳು ಅಂಗಡಿ ಇದ್ದರೆ ತಾನೆ! ಉರುಳಿಸುವವನೇ ಹೊಲಿಯೋಕೆ ಕೊಡ್ತಾನಲ್ಲ... ತಲೆ ಕೆಟ್ಟಿರೋದು ಇವನಿಗಾ, ನನಗಾ?

ಬೈಯಬೇಕಾದವಳು ಆ ಶರ್ಟನ್ನು ನಾಜೂಕಾಗಿ ಮಡಚಿಟ್ಟಳು. ಅದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಭಾನುವಾರ ಬೆಳಿಗ್ಗೆ ಸೀಮೆಎಣ್ಣೆ ತಂದು, ತಿಕ್ಕಿ ತಿಕ್ಕಿ 'ಉ'ವನ್ನು ಅಳಿಸಿಹಾಕಿದಳು.

ಸೋಮವಾರ ಸಭೆಗೆ ಮುಂಚೆ, ಗೋಡೆಗಳ ಗುರುತು ನೋಡಿ ಪಟ್ಟಿ ಮುಗಿಸಲು ದೊಡ್ಡ ಇಂಜಿನಿಯರ್ ಓಣಿಗೆ ಬಂದರು. ಅವಳ ಗೋಡೆಯ ಮುಂದೆ ನಿಂತು, "ಇದಕ್ಕೆ ಗುರುತಿಲ್ಲ. ತೆರವು ಪಟ್ಟಿಗೆ ಹಾಕಿ" ಎಂದರು.

"ಸಾರ್, ತಡೀರಿ!" ಸರ್ವೆಯವನು ಓಡಿಬಂದ. "ನಾನೇ ಬರೆದಿದ್ದೆ... ಯಾರು ಅಳಿಸಿದ್ದು?"

"ನಾನೇ! ಉರುಳಿಸು ಅಂತ ನೀವು ಬರೆದ್ರೆ, ನಾನು ಚಪ್ಪಾಳೆ ತಟ್ಟಬೇಕಿತ್ತಾ?"

"ಅಯ್ಯೋ ದೇವ್ರೇ! ಅದು ಉರುಳಿಸು ಅಲ್ಲ... ಉಳಿಸು!"

ಅವಳು ತಿರುಗಿ ಬೋಳು ಗೋಡೆಯನ್ನು ನೋಡಿದಳು. ಅಪ್ಪನ ಅಂಗಡಿಯನ್ನು ನನ್ನ ಕೈಯಾರೆ ಕಳೆದೆನಾ?

ಅವನು ಗಡಿಬಿಡಿಯಲ್ಲಿ ಅಳತೆ ಪುಸ್ತಕ ತೆರೆದ. "ನೋಡಿ ಸಾರ್, ಮೂರು ಸಲ ಅಳೆದಿದ್ದೀನಿ. ಗೋಡೆ ರಸ್ತೆ ಗೆರೆಯಿಂದ ಒಂದಡಿ ಹಿಂದೇನೇ ಇದೆ."

ಇಂಜಿನಿಯರ್ ಪುಟ ತಿರುವಿದರು. ಗೋಡೆ ನೋಡಿದರು. "ಹೂಂ, ಸರಿಯಿದೆ. ಮತ್ತೆ ಬರಿಯಪ್ಪ. ಈ ಸಲ ಪೂರ್ತಿ ಪದ ಬರಿ!"

"ಹಾಗಾದ್ರೆ ನನ್ನ ಚೊಕ್ಕ ಗೋಡೆ?" ಆಂಟಿ ಕಿರುಚಿದರು.

"ನಿಮಗೆ ಹೊಸ ಕಟ್ಟಡದಲ್ಲಿ ಜಾಗ, ಆಂಟಿ" ಎಂದ ಸರ್ವೆಯವನು.

ಅಪ್ಪ ಕಣ್ಣೊರೆಸಿಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಮೆಷಿನ್ ಸದ್ದು ಕೇಳಿಸಿತು. ಅವನು ಬಣ್ಣದ ಡಬ್ಬ ತೆರೆದು 'ಉಳಿಸು' ಎಂದು ಬರೆದ.

"ಅಳತೆಗೆ ಒಂದು ಸಲ ಸಾಕಿತ್ತಲ್ಲ?" ಅವಳು ಮೆಲ್ಲಗೆ ಕೇಳಿದಳು. "ಮಿಕ್ಕ ಎರಡು ಸಲ...?"

"ಮಿಕ್ಕ ಎರಡು ಸಲ ನಿಮ್ಮನ್ನ ನೋಡೋಕೆ." ಅವನ ಕಿವಿ ಕೆಂಪಾಯಿತು. "ಕತ್ತರಿ ಹಿಡಿದು ಬಂದ ದಿನವೇ ನಾನು ಉರುಳಿಬಿದ್ದೆ ಕಣ್ರೀ... ನನ್ನ ಉಳಿಸ್ಕೋತೀರಾ?"

ಅವಳ ಕಣ್ಣು ತುಂಬಿತು, ನಗುವೂ ಬಂತು. ಯಾವುದು ಮೊದಲೋ ಅವಳಿಗೇ ತಿಳಿಯಲಿಲ್ಲ.

"ಶರ್ಟ್ ಹೊಲಿದಾಯ್ತಾ?" ಉತ್ತರಕ್ಕೆ ಹೆದರಿ ಅವನೇ ಮಾತು ಮರೆಸಿದ.

"ಇಲ್ಲ. ಅವಸರ ಇಲ್ಲ ಅಂದಿದ್ರಲ್ಲ... ದಿನಾ ಬಂದು ಕೇಳ್ತಾ ಇರಿ."